ಭಟ್ಟರ ಮೂಗು, ನನ್ನ ಸಹಿ

ಕಳೆದ ತಿಂಗಳು ನೇಹಾ ಫೋನ್ ಮಾಡಿದ್ದಳು. ವಿಮಾನಗಳಿಗೆ ಊಟ ಕಳಿಸುವ ಅಂಧೇರಿಯ ಅಡುಗೆಮನೆಯ ಗುಣಮಟ್ಟ ವಿಭಾಗದಲ್ಲಿ ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಅವಳು ಕೂತಿದ್ದಾಳೆ. ಹುಡುಗಿಯ ಅಜ್ಜ ಧಾರವಾಡದವರು. ಅವಳ ಕನ್ನಡ ಮಾತ್ರ ಲೋಕಲ್ ಟ್ರೇನಿನಲ್ಲಿ ಬೆಳೆದದ್ದು.

"ಆಂಟಿ, ಹೊಸಾ ಬ್ಯಾಚ್ ಬಂದಿದೆ. ನೀವು ಬಂದು ಥೋಡಾ ಮಾತಾಡಿ ನಾ. ಟಾಪಿಕ್ ವರ್ಲ್ಡ್ ಕ್ಲಾಸ್. ಬಸ್, ಹತ್ತೇ ಮಿನಿಟ್."

ಹೋದೆ. ಬೆನ್ನ ಹಿಂದೆ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ವರ್ಲ್ಡ್ ಕ್ಲಾಸ್" ಎಂದು ಹೊಳೆಯುತ್ತಿತ್ತು. ನಾನು ಶುಚಿತ್ವ ಅಂದೆ, ಶಿಸ್ತು ಅಂದೆ, ಸಮಯಪಾಲನೆ ಅಂದೆ. ಮಕ್ಕಳು ಚಪ್ಪಾಳೆ ತಟ್ಟಿ ಸಮೋಸಾ ತಿನ್ನಲು ಹೋದರು. ಗೋರೆಗಾಂವ್‌ನ ಮನೆಗೆ ವಾಪಸಾಗುವಾಗ ಆಟೋದಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ಇಷ್ಟು ವರ್ಷ ಅಲ್ಲಿ ದುಡಿದು, ಕೊನೆಗೆ ಗೋಡೆಯ ಮೇಲೆ ಬರೆದದ್ದನ್ನೇ ಓದಿ ಬಂದೆಯಲ್ಲೇ ಶಾರದಾ ಅಂತ. ಆ ಮಕ್ಕಳಿಗೆ ಹೇಳಬೇಕಾಗಿದ್ದದ್ದು ವಾಸುದೇವ ಭಟ್ಟರ ವಿಷಯ. ಅದನ್ನು ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ, ಅದಕ್ಕೇ ನಾಲಿಗೆ ಹೊರಳಲಿಲ್ಲ. ಇಲ್ಲಿ ಬರೆಯುತ್ತೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅದರಿಂದ ಯಾರ ಅನ್ನವೂ ಬೇಯುವುದಿಲ್ಲ.

ಮೊದಲು ನನ್ನ ಬಳೆಯ ಕಥೆ. ವಿಜಯಪುರದಿಂದ ಮದುವೆಯಾಗಿ ಮುಂಬಯಿಗೆ ಬಂದ ಎರಡನೆಯ ವರ್ಷ ಈ ಕೆಲಸಕ್ಕೆ ಸೇರಿದೆ. ಮೊದಲ ದಿನ ಎರಡು ಕೈ ತುಂಬ ಹಸಿರು ಗಾಜಿನ ಬಳೆ ಹಾಕಿಕೊಂಡೇ ಹೋಗಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಶಿಫ್ಟಿನ ಮುಖ್ಯಸ್ಥ ಸಲ್ಡಾನಾ ನಿಂತಿದ್ದರು. ಮಂಗಳೂರಿನವರು, ಎತ್ತರದ ಆಳು, ಸಿಟ್ಟು ಬಂದರೆ ದನಿ ಇನ್ನಷ್ಟು ಮೆತ್ತಗಾಗುವ ಜಾತಿ.

"ಬಳೆ ತೆಗೆಯಿರಿ ಮೇಡಂ."

"ಮುತ್ತೈದಿ ಅದೀನ್ರಿ ನಾನು. ಬಳಿ ತಗೀಬಾರದ್ರಿ."

"ಗಾಜಿನ ಚೂರು ಅನ್ನದಲ್ಲಿ ಬಿದ್ದರೆ ತಿನ್ನುವವರಿಗೆ ನೀವು ಮುತ್ತೈದೆ ಅಂತ ಗೊತ್ತಾಗ್ತದಾ?"

ನನಗೆ ಕಣ್ಣಲ್ಲಿ ನೀರು ಬಂತು, ಜೊತೆಗೆ ಸಿಟ್ಟೂ ಬಂತು. ಆಗ ಅವರು ತಮ್ಮ ಎಡಗೈ ತೋರಿಸಿದರು. ಉಂಗುರದ ಬೆರಳಲ್ಲಿ ಬಿಳಿಯ ಗೆರೆ. ಮದುವೆಯ ಉಂಗುರವನ್ನು ದಿನಾ ಬೆಳಿಗ್ಗೆ ಲಾಕರಿನಲ್ಲಿ ಇಟ್ಟು ಒಳಗೆ ಬರುತ್ತಿದ್ದರಂತೆ. ನಾನು ಬಳೆ ಬಿಚ್ಚಿದೆ. ಅದೇ ವಾರ ಅವರು ಹೆಂಗಸರ ಲಾಕರುಗಳ ಪಕ್ಕ ಒಂದು ಕನ್ನಡಿ ಹಾಕಿಸಿದರು. ಶಿಫ್ಟು ಮುಗಿದ ಮೇಲೆ ನಾವೆಲ್ಲ ಅಲ್ಲಿ ಸಾಲಾಗಿ ನಿಂತು ಬಳೆ ಏರಿಸಿಕೊಂಡು, ಕುಂಕುಮ ಸರಿಮಾಡಿಕೊಂಡು ಮನೆಗೆ ಹೋಗುತ್ತಿದ್ದೆವು. ಅತ್ತೆಗೆ ಈ ಸಂಗತಿ ಕೊನೆಯವರೆಗೂ ಗೊತ್ತಾಗಲಿಲ್ಲ, ಪುಣ್ಯ.

ಅವತ್ತೇ ವಾಸುದೇವ ಭಟ್ಟರನ್ನೂ ನೋಡಿದ್ದು. ದಕ್ಷಿಣದ ಅಡುಗೆಯ ವಿಭಾಗಕ್ಕೆ ಅವರು ಮುಖ್ಯಸ್ಥರು. ಉಡುಪಿಯ ಕಡೆಯವರು, ಅಪ್ಪನ ಜೊತೆ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ ಕಲಿತವರು. ಆಮೇಲೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲ ವರ್ಷ ಸಾಂಬಾರು ಮಾಡಿ, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಸಣಕಲು ದೇಹ, ಮುಖದ ತುಂಬ ಮೂಗು. ಹಂಡೆಯ ಮುಚ್ಚಳ ಎರಡು ಬೆರಳು ಎತ್ತಿ, ಬಗ್ಗಿ, ಒಂದು ಸಲ ಉಸಿರೆಳೆದುಕೊಂಡು, "ಉಪ್ಪು ಸ್ವಲ್ಪ ಹಿಂದೆ ಉಂಟು" ಎಂದುಬಿಡುತ್ತಿದ್ದರು. ಉಪ್ಪಿಗೆ ವಾಸನೆ ಎಲ್ಲಿದೆ? ನಾನು ಚಮಚ ತೆಗೆದುಕೊಂಡು ರುಚಿ ನೋಡಿದರೆ ನಿಜವಾಗಿಯೂ ಕಡಿಮೆಯೇ ಇರುತ್ತಿತ್ತು.

ಅವರು ಮಾತ್ರ ರುಚಿ ನೋಡುತ್ತಲೇ ಇರಲಿಲ್ಲ. ನೈವೇದ್ಯಕ್ಕೆ ಮೊದಲು ಅಡುಗೆಯವನು ನಾಲಿಗೆಗೆ ಮುಟ್ಟಿಸಬಾರದು, ಮುಟ್ಟಿಸಿದರೆ ಎಂಜಲು. ಹತ್ತು ವರ್ಷದ ವಯಸ್ಸಿನಿಂದ ಆ ಅಭ್ಯಾಸ ಬೇರೂರಿತ್ತು. ಇಲ್ಲಿಯ ನಿಯಮವೋ ಬೇರೆ. ಪ್ರತಿ ಹಂಡೆ ಒಲೆಯಿಂದ ಇಳಿದ ಮೇಲೆ ಅಡುಗೆಯವರು ಹೊಸ ಚಮಚದಲ್ಲಿ ರುಚಿ ನೋಡಿ ಹಾಳೆಯಲ್ಲಿ ಸಹಿ ಹಾಕಬೇಕು. ಅದರ ಕೆಳಗೆ, "ಅವರು ರುಚಿ ನೋಡಿದ್ದನ್ನು ನಾನು ನೋಡಿದ್ದೇನೆ" ಎಂದು ಗುಣಮಟ್ಟದವರ ಸಹಿ. ಎಂದರೆ ನನ್ನದು.

"ಏನ್ರಿ ಭಟ್ರ, ರುಚಿ ನೋಡೇ ಇಲ್ಲ, ಸಹಿ ಹೆಂಗ ಹಾಕಿದ್ರಿ?" ಎಂದು ಮೊದಲ ತಿಂಗಳಲ್ಲೇ ಕೇಳಿದ್ದೆ.

"ಪರಿಮಳ ಬಂತಲ್ಲ ಮಾರಾಯ್ತಿ, ಮತ್ತೆಂಥ ನೋಡ್ಲಿಕ್ಕುಂಟು?"

"ಹಾಳ್ಯಾಗ ರುಚಿ ಅಂತ ಬರದೈತ್ರಿ. ಪರಿಮಳ ಅಂತ ಬರದಿಲ್ಲ."

"ವಿಮಾನದವರು ದೇವರಲ್ಲ, ನಂಗೆ ಗೊತ್ತುಂಟು. ಆದ್ರೆ ಕೈ ಬಾಯಿಯವರೆಗೆ ಹೋಗುದಿಲ್ಲ, ಎಂಥ ಮಾಡುದು?"

ಆಗೆಲ್ಲ ನಾನು ಪಟ್ಟು ಹಿಡಿದು ನಾನೇ ರುಚಿ ನೋಡಿ ಸಹಿ ಹಾಕುತ್ತಿದ್ದೆ. ಪಟ್ಟು ಸಡಿಲವಾದದ್ದು ಮೊಸರಿನ ಘಟನೆಯಿಂದ.

ವಿದೇಶದ ಒಂದು ವಿಮಾನ ಕಂಪನಿ ಮೊದಲ ಸಲ ನಮ್ಮ ಅಡುಗೆಮನೆ ತಪಾಸಣೆಗೆ ಬರುವುದಿತ್ತು. ಸಲ್ಡಾನಾ ಆಗ ಇಡೀ ಉತ್ಪಾದನೆಯ ಮುಖ್ಯಸ್ಥರಾಗಿದ್ದರು. ಮದುವೆಮನೆಗೆ ಸುಣ್ಣ ಹೊಡೆಸಿದ ಹಾಗೆ ಗೋಡೆಗಳಿಗೆಲ್ಲ ಬಿಳಿಯ ಪೇಂಟು ಬಳಿಸಿದರು. ಎರಡು ದಿನ ಆ ಘಾಟಿನಲ್ಲೇ ಓಡಾಡಿ ನಮಗ್ಯಾರಿಗೂ ಅದು ತಿಳಿಯುತ್ತಲೇ ಇರಲಿಲ್ಲ. ತಪಾಸಣೆಯ ದಿನ ಬೆಳಿಗ್ಗೆ ಭಟ್ಟರು ರಜೆ ಮುಗಿಸಿ ಬಂದವರು ಮೊಸರಿನ ಕೋಣೆಯ ಬಾಗಿಲಲ್ಲೇ ನಿಂತರು.

"ಇದು ಹೋಗ್ಲಿಕ್ಕಿಲ್ಲ. ಮೊಸರಲ್ಲಿ ಪೇಂಟ್ ಉಂಟು."

ಸಲ್ಡಾನಾ ಒಂದು ಚಮಚ ತಿಂದರು. ನಾನೂ ತಿಂದೆ. ಚೆನ್ನಾಗಿಯೇ ಇತ್ತು.

"ಭಟ್ರೇ, ಇವತ್ತು ಬೇಡ ಈ ತಕರಾರು. ಅವರು ದಾರಿಯಲ್ಲಿದ್ದಾರೆ" ಎಂದರು ಸಲ್ಡಾನಾ, ಬಹಳ ಮೆತ್ತಗೆ.

"ನೀವು ಹೊರಗೆ ಹೋಗಿ ಹತ್ತು ನಿಮಿಷ ಗಾಳಿ ತಕೊಂಡು ಬನ್ನಿ. ಆಮೇಲೆ ತಿನ್ನಿ."

ಸಲ್ಡಾನಾ ಗೊಣಗುತ್ತ ಹೋದರು. ವಾಪಸು ಬಂದು ಒಂದು ಚಮಚ ಬಾಯಿಗಿಟ್ಟವರೇ ಬೇಸಿನ್ನಿಗೆ ಉಗುಳಿದರು. ಮೊಸರೆಲ್ಲ ಚೆಲ್ಲಿದೆವು. ಮಧ್ಯಾಹ್ನ ತಪಾಸಣೆಗೆ ಬಂದ ಹೆಂಗಸು ಪಟ್ಟಿ ನೋಡಿ, ಮೊಸರೆಲ್ಲಿ ಎಂದು ಕೇಳಿದಳು. ಸಲ್ಡಾನಾ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆಕೆ ನಮ್ಮ ಹೊಸ ಗೋಡೆಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅಡುಗೆಯವನು ತಡೆದರೆ ಮೇಲಧಿಕಾರಿ ನಿಲ್ಲುತ್ತಾನೆ, ಇದು ನನಗೆ ಮೆಚ್ಚುಗೆಯಾಯಿತು ಎಂದು ವರದಿಯಲ್ಲಿ ಬರೆದು ಹೋದಳು.

ಅಲ್ಲಿಂದ ಭಟ್ಟರ ಮೂಗಿಗೆ ನಾವೆಲ್ಲ ಕೈ ಮುಗಿಯುವುದೊಂದು ಬಾಕಿ. ಯಾರೂ ಅವರಿಗೆ ಚಮಚ ಹಿಡಿಯೆಂದು ಹೇಳಲಿಲ್ಲ. ನಾನೂ ರುಚಿ ನೋಡುವುದನ್ನು ಬಿಟ್ಟೆ. ಅವರು ಮುಚ್ಚಳ ಎತ್ತುವುದು, ಮೂಸುವುದು, ಸಹಿ. ಕೆಳಗೆ ನನ್ನ ಸಹಿ. ವರ್ಷಾನುಗಟ್ಟಲೆ ಹೀಗೆಯೇ ನಡೆಯಿತು. ಈ ನಡುವೆ ಎಷ್ಟೆಲ್ಲ ಬದಲಾಯಿತು! ಅನ್ನದೊಳಗೆ ಚುಚ್ಚುವ ಥರ್ಮಾಮೀಟರು ಬಂತು, ಹಂಡೆಗಳನ್ನು ಗಂಟೆಯೊಳಗೆ ತಣ್ಣಗಾಗಿಸುವ ಯಂತ್ರ ಬಂತು, ಕಾಗದದ ಹಾಳೆ ಹೋಗಿ ಟ್ಯಾಬ್ ಬಂತು. ಭಟ್ಟರು ಟ್ಯಾಬಿನ ಮೇಲೆ ಬೆರಳಲ್ಲಿ ಸಹಿ ಎಳೆಯಲು ಕಲಿತರು. ಸುಳ್ಳು ಸಹಿ ಕಾಗದದಲ್ಲಿದ್ದರೇನು, ಟ್ಯಾಬಿನಲ್ಲಿದ್ದರೇನು? ಒಂದು ದಿನವೂ ತೊಂದರೆಯಾಗಿರಲಿಲ್ಲ ನೋಡಿ, ಅದಕ್ಕೇ ನಮಗೆ ಅದು ಸುಳ್ಳು ಅಂತ ಅನಿಸಲೇ ಇಲ್ಲ.

ಆಮೇಲೆ ಕೊರೊನಾ ಬಂತು. ವಿಮಾನಗಳು ನಿಂತವು, ನಮ್ಮ ಹಂಡೆಗಳು ಬೋರಲಾದವು. ಮತ್ತೆ ಕೆಲಸ ಶುರುವಾಗುವ ಹೊತ್ತಿಗೆ ಭಟ್ಟರಿಗೂ ಆ ಜ್ವರ ಬಂದು ವಾಸಿಯಾಗಿತ್ತು. ಅವರು ಕೆಲಸಕ್ಕೆ ವಾಪಸು ಬಂದದ್ದೇ ನಮಗೆ ಹಬ್ಬ. ಮುಂಚಿನ ಹಾಗೆಯೇ ಮುಚ್ಚಳ ಎತ್ತುತ್ತಿದ್ದರು, ಬಗ್ಗುತ್ತಿದ್ದರು. ಆದರೆ "ಉಪ್ಪು ಹಿಂದೆ ಉಂಟು" ಎನ್ನುವುದು ನಿಂತಿತ್ತು. ಈಗ ಪಕ್ಕದವರನ್ನು ಕೇಳುತ್ತಿದ್ದರು: "ಹೇಗುಂಟು? ಒಳ್ಳೆದುಂಟಲ್ಲ?"

ಒಂದು ಬೆಳಿಗ್ಗೆ ನಾನು ಕಾರಿಡಾರಿನಲ್ಲಿ ಬರುತ್ತಿದ್ದೆ. ಮಾಸ್ಕಿನೊಳಗೂ ಸೀದ ವಾಸನೆ ಹೊಡೆಯಿತು. ಓಡಿ ಒಳಗೆ ಹೋದರೆ ಶ್ಯಾವಿಗೆ ಪಾಯಸದ ತಳ ಹಿಡಿದಿದೆ, ಭಟ್ಟರು ಅದರ ಪಕ್ಕದಲ್ಲೇ ನಿಂತು ಏಲಕ್ಕಿ ಕುಟ್ಟುತ್ತಿದ್ದಾರೆ.

"ಭಟ್ರ! ಪಾಯಸ ಹೊತ್ತಿ ಹೊಂಟೈತ್ರಿ!"

ಅವರು ಬೆಚ್ಚಿಬಿದ್ದು ಒಲೆ ಆರಿಸಿದರು. ನನ್ನ ಮುಖ ನೋಡಿದರು. "ಬೇರೆ ಯೋಚನೆಯಲ್ಲಿದ್ದೆ" ಎಂದರು. ಆ ಕಣ್ಣಲ್ಲಿ ಹೆದರಿಕೆ ಇತ್ತು. ನನಗೆ ಕಂಡಿತು. ಕಂಡೂ ನಾನು ಕೇಳಲಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ, ಅಂಧೇರಿಯ ಚಾಳಿನಲ್ಲಿ ಕಾಯಿಲೆಯ ಹೆಂಡತಿ, ಈಗ ಯಾಕೆ ಕೆದಕುವುದು ಎಂದುಕೊಂಡೆ. ಮೂಗು ಹೋಗಿದೆ ಎಂದು ಗೊತ್ತಾದರೆ ಅವರನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ. ಒಲೆಯ ಮುಂದಿನಿಂದ ಎಬ್ಬಿಸಿದರೆ ಭಟ್ಟರು ಭಟ್ಟರಾಗಿ ಉಳಿಯುವುದಿಲ್ಲ. ಇದನ್ನು ನಾನು ಕನಿಕರ ಎಂದು ಕರೆದುಕೊಂಡೆ. ನಿಜ ಹೇಳಬೇಕೆಂದರೆ, ಇಷ್ಟು ವರ್ಷದ ನನ್ನ ಸಹಿಗಳನ್ನು ಯಾರಾದರೂ ತೆಗೆದು ನೋಡಿಯಾರು ಎಂಬ ಹೆದರಿಕೆಯೂ ಅದರಲ್ಲಿತ್ತು.

ಮೂರು ವಾರಗಳ ನಂತರ ಅದು ಆಯಿತು. ವಿದೇಶದ ಒಂದು ಹೊಸ ವಿಮಾನ ಕಂಪನಿ ಪ್ರಯೋಗಕ್ಕೆಂದು ಎರಡು ಮಾರ್ಗಗಳ ಊಟ ನಮಗೆ ಕೊಟ್ಟಿತ್ತು. ಅವತ್ತು ತರಕಾರಿ ಕುರ್ಮಾ. ಭಟ್ಟರು ಮೂಸಿ ಸಹಿ ಹಾಕಿದ್ದರು, ಕೆಳಗೆ ನಾನು ಹಂಡೆಯ ಹತ್ತಿರವೂ ಹೋಗದೆ ಹಾಕಿದ್ದೆ. ಹಂಡೆ ತಣ್ಣಗಾಗಿ, ಡಬ್ಬಿಗಳಿಗೆ ತುಂಬಿ, ಗಾಡಿ ಏರಿ ಹೋಗಿತ್ತು. ತಣ್ಣಗಿನ ಊಟಕ್ಕೆ ವಾಸನೆ ಕಡಿಮೆ, ತುಂಬುವ ಹೆಂಗಸರ ಮುಖಕ್ಕೆಲ್ಲ ಮಾಸ್ಕು. ಹನ್ನೊಂದು ಗಂಟೆಗೆ ರೂಢಿಯಂತೆ ಒಂದು ಡಬ್ಬಿಯನ್ನು ವಿಮಾನದಲ್ಲಿರುವಂಥದೇ ಓವನ್ನಿನಲ್ಲಿ ಬಿಸಿ ಮಾಡಿ ಬಿಚ್ಚಿದೆ. ಕಮಟು ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಕೊಬ್ಬರಿ ಹಳೆಯದು. ನಾಲಿಗೆಗೆ ಇಟ್ಟರೆ ಗಂಟಲಲ್ಲಿ ಇಳಿಯದು.

ಗಾಡಿ ವಿಮಾನ ನಿಲ್ದಾಣದ ಗೇಟು ದಾಟಿರುತ್ತದೆ. ವಾಪಸು ಕರೆಸಿದರೆ ವಿಮಾನ ತಡ, ಹೊಸ ಕಂಪನಿಯ ಮುಂದೆ ಮಾನ ಹರಾಜು, ಭಟ್ಟರ ಕಥೆ ಮುಗಿಯಿತು. ಸುಮ್ಮನಿದ್ದರೆ? ಯಾರೂ ಸಾಯುವುದಿಲ್ಲ. ಜನ ಒಂದು ತುತ್ತು ತಿಂದು ಮುಖ ಕಿವುಚಿ ಬದಿಗೆ ಸರಿಸುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳೇ, ನಾನು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ನಿಂತಿದ್ದೆ. ಅಷ್ಟು ವರ್ಷದ ಅನುಭವವಿದ್ದ ಹೆಂಗಸು ನಾನು. ಇವತ್ತಿಗೂ ಆ ಐದು ನಿಮಿಷ ನೆನಪಾದರೆ ನಾಚಿಕೆಯಾಗುತ್ತದೆ.

ಆಮೇಲೆ ಫೋನ್ ಎತ್ತಿದೆ. "ಗಾಡಿ ವಾಪಸ್ ಲೇ ಆಓ" ಎಂದೆ. ಡ್ರೈವರು ಎರಡು ಸಲ ಕೇಳಿದ, ಎರಡು ಸಲವೂ ಹೇಳಿದೆ. ಪಕ್ಕದ ವಿಭಾಗದಲ್ಲಿ ಬೇರೆ ವಿಮಾನಕ್ಕೆ ತಯಾರಾಗಿದ್ದ ಪನೀರು ಪಲ್ಯವನ್ನು ರುಚಿ ನೋಡಿ, ನಿಜವಾಗಿ ರುಚಿ ನೋಡಿ, ಡಬ್ಬಿಗೆ ತುಂಬಿಸಿದೆವು. ವಿಮಾನ ತಡವಾಗಿಯೇ ಹೊರಟಿತು.

ಮಧ್ಯಾಹ್ನ ಸಲ್ಡಾನಾ ಎಲ್ಲರನ್ನೂ ಕರೆದರು. ಆಗ ಇಡೀ ಅಡುಗೆಮನೆಗೆ ಅವರೇ ಹಿರಿಯರು. ವಿಭಾಗಗಳ ಮುಖ್ಯಸ್ಥರೆಲ್ಲ ಮೇಜಿನ ಸುತ್ತ ಕೂತೆವು. ಕುರ್ಮಾದ ಡಬ್ಬಿ ನಡುವೆ ಇತ್ತು. ಭಟ್ಟರು ಕೂರಲಿಲ್ಲ, ಬಾಗಿಲ ಬಳಿ ನಿಂತೇ ಇದ್ದರು.

"ಭಟ್ರೇ, ಸಹಿ ನಿಮ್ಮದಾ?"

"ನಂದೇ."

"ರುಚಿ ನೋಡಿದಿರಾ?"

ಭಟ್ಟರು ಮಾಸ್ಕು ಕೆಳಗಿಳಿಸಿದರು. "ನಾನು ಯಾವತ್ತೂ ರುಚಿ ನೋಡ್ಲಿಲ್ಲ ಸಾರ್. ಮೂಗಿತ್ತು. ಜ್ವರ ಬಂದ ಮೇಲೆ ಮೂಗು ಸತ್ತಿದೆ. ಮಲ್ಲಿಗೆ ಗೊತ್ತಾಗುದಿಲ್ಲ, ಇಂಗು ಗೊತ್ತಾಗುದಿಲ್ಲ. ಹೇಳಿದ್ರೆ ನೀವು ನನ್ನನ್ನು ಒಲೆಯಿಂದ ಎಬ್ಬಿಸ್ತೀರಿ ಅಂತ ಹೇಳ್ಲಿಲ್ಲ. ತಪ್ಪು ನಂದು. ನಾನು ಹೋಗ್ತೇನೆ."

ನನಗೆ ಕೂತಿರಲಾಗಲಿಲ್ಲ. ಎದ್ದು ನಿಂತೆ. "ಅವರೊಬ್ಬರದ ಅಲ್ರಿ ಸರ್. ಅವರು ರುಚಿ ನೋಡ್ಯಾರಂತ ಕೆಳಗ ಸಹಿ ಹಾಕಿದಾಕಿ ನಾನು. ಪಾಯಸ ಸೀದದ್ದು ಅವರಿಗೆ ಗೊತ್ತಾಗಲಿಲ್ಲ, ಅದನ್ನೂ ಕಣ್ಣಾರೆ ಕಂಡೇನ್ರಿ. ಕಂಡು ಬಾಯಿ ಮುಚಗೊಂಡು ಕುಂತೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಯಾರ ಮುಂದೆಯೂ ಅತ್ತವಳಲ್ಲ ನಾನು, ಬಳೆ ತೆಗೆದ ದಿನವೂ ಬಚ್ಚಲಿಗೆ ಹೋಗಿ ಅತ್ತಿದ್ದೆ.

ಸಲ್ಡಾನಾ ಕುರ್ಮಾದ ಡಬ್ಬಿಯನ್ನು ಬದಿಗೆ ಸರಿಸಿದರು. ಆಮೇಲೆ ಕೇಳಿದರು: "ಭಟ್ರು ರುಚಿ ನೋಡುವುದಿಲ್ಲ ಅಂತ ಈ ಕೋಣೆಯಲ್ಲಿ ಯಾರ್ಯಾರಿಗೆ ಗೊತ್ತಿತ್ತು? ಕೈ ಎತ್ತಿ."

ಮೊದಲು ನನ್ನ ಕೈ. ಆಮೇಲೆ ತಣ್ಣಗಿನ ಕೋಣೆಯವರದು, ಗಾಡಿಯವರದು, ಉಗ್ರಾಣದವರದು. ಎಲ್ಲರ ಕೈ ಮೇಲೆ ಹೋದ ಮೇಲೆ ಸಲ್ಡಾನಾ ತಮ್ಮ ಎಡಗೈ ಎತ್ತಿದರು.

"ನಂಗೂ ಗೊತ್ತಿತ್ತು. ಮೊಸರಿನ ದಿನದಿಂದ ಗೊತ್ತಿತ್ತು. ಒಬ್ಬನ ಮೂಗಿನ ಮೇಲೆ ಇಡೀ ಮನೆ ಕಟ್ಟಿ ಕೂತದ್ದು ನಾವು. ಈಗ ಬಿದ್ದದ್ದಕ್ಕೆ ಮೂಗನ್ನು ಬೈದರೆ ಹೇಗೆ ಮಾರಾಯ್ರೆ?"

ಹಾಗೆಂದು ಬೆನ್ನು ತಟ್ಟಿ ಕಳಿಸಲಿಲ್ಲ. ಭಟ್ಟರ ಸಹಿಯ ಅಧಿಕಾರ ಅವತ್ತೇ ಹೋಯಿತು. ನನ್ನ ಹೆಸರಿಗೊಂದು ಎಚ್ಚರಿಕೆಯ ಪತ್ರ ಬಂತು, ಈಗಲೂ ನನ್ನ ಕಪಾಟಿನಲ್ಲಿದೆ. ಆ ವಿಮಾನ ಕಂಪನಿಯವರಿಗೆ ಸಲ್ಡಾನಾ ತಾವೇ ಕೂತು ಪತ್ರ ಬರೆದರು. ಕೊಬ್ಬರಿ, ಮೂಗು, ಸಹಿ, ಎತ್ತಿದ ಕೈಗಳು, ಒಂದನ್ನೂ ಬಿಡಲಿಲ್ಲ. ಎರಡರಲ್ಲಿ ಒಂದು ಮಾರ್ಗ ಕೈತಪ್ಪಿತು. ಇನ್ನೊಂದು ಉಳಿಯಿತು. ಇನ್ನು ಮುಂದೆ ಪ್ರತಿ ಹಂಡೆಗೂ ಇಬ್ಬರು, ಒಬ್ಬರು ಅಡುಗೆಯವರು, ಇನ್ನೊಬ್ಬರು ಬೇರೆ ಯಾವುದೇ ವಿಭಾಗದವರು, ಎರಡು ಚಮಚ, ಇಬ್ಬರೂ ನುಂಗಿದ ಮೇಲೆ ಸಹಿ ಎಂದು ಹೊಸ ನಿಯಮ ಬಂತು. ಪಾತ್ರೆ ತೊಳೆಯುವವರನ್ನೂ ರುಚಿಗೆ ಕರೆಯುತ್ತಿದ್ದೆವು. ಅವರು ಬೇಡ ಎಂದರೆ ಹಂಡೆ ಹೋಗುತ್ತಿರಲಿಲ್ಲ.

ಭಟ್ಟರನ್ನು ಒಲೆಯಿಂದ ಎಬ್ಬಿಸಲಿಲ್ಲ. "ಅಡುಗೆ ನೀವೇ ಮಾಡಿ. ಬೇರೆಯವರು ಹೇಳಿದ್ದನ್ನು ಕೇಳಿ ಮಾಡಿ" ಎಂದರು ಸಲ್ಡಾನಾ. ಭಟ್ಟರಿಗೆ ಅದು ಶಿಕ್ಷೆಗಿಂತ ಕಷ್ಟದ್ದು. ಆಮೇಲೆ ಒಂದು ದಿನ ಸಾಂಬಾರಿನ ಹಂಡೆಯ ಮುಂದೆ ಚಮಚ ಹಿಡಿದು ನಿಂತದ್ದನ್ನು ಕಂಡೆ. ಕಣ್ಣು ಮುಚ್ಚಿ, ಏನೋ ಗುನುಗಿ, ಬಾಯಿಗೆ ಹಾಕಿಕೊಂಡರು.

"ಏನ್ ಅಂದ್ರಿ ಭಟ್ರ?"

"ದೇವರೇ, ಮೂಗು ನೀನೇ ತಕೊಂಡದ್ದಲ್ವಾ, ನಾಲಿಗೆಗೆ ಬಯ್ಬೇಡ ಅಂದೆ." ಸ್ವಲ್ಪ ಹೊತ್ತು ಚಪ್ಪರಿಸಿ, "ಹುಳಿ ಮಾತ್ರ ಗೊತ್ತಾಗ್ತದೆ. ಉಪ್ಪೂ ಗೊತ್ತಾಗ್ತದೆ. ಉಪ್ಪು ಹಿಂದೆ ಉಂಟು ಮಾರಾಯ್ತಿ" ಎಂದರು. ಎಷ್ಟೋ ತಿಂಗಳ ಮೇಲೆ ಆ ಮಾತು ಕೇಳಿದ್ದು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವರ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿರುವಾಗ ಒಂದು ಬೆಳಿಗ್ಗೆ ಅವರ ವಿಭಾಗದಿಂದ ಕೂಗು ಕೇಳಿತು. "ಸೀದಿದೆ! ಸೀದಿದೆ!" ನಾವೆಲ್ಲ ಗಾಬರಿಯಿಂದ ಓಡಿದೆವು. ತಳ ಹಿಡಿದ ಪಾಯಸದ ಹಂಡೆಯ ಮುಂದೆ ಭಟ್ಟರು ಸೌಟು ಹಿಡಿದು ಕುಣಿಯುವುದೊಂದು ಬಾಕಿ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಲ್ಲಿ ನಗು. "ಸೀದದ್ದು ಗೊತ್ತಾಯ್ತು ಮಾರಾಯ್ತಿ! ವಾಸನೆ ಬಂತು! ಎಷ್ಟು ಒಳ್ಳೆ ವಾಸನೆ!" ಹಂಡೆಗಟ್ಟಲೆ ಪಾಯಸ ಹಾಳಾದದ್ದಕ್ಕೆ ಇಡೀ ಅಡುಗೆಮನೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಸಲ್ಡಾನಾ ಕೂಡ ಬಂದು ಆ ಹಂಡೆ ಮೂಸಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಪಾಯಸ ತಯಾರಾಗಿತ್ತು. ನಾನು ಟ್ಯಾಬ್ ಹಿಡಿದುಕೊಂಡು ಹೋದೆ. ಸಂಭ್ರಮದಲ್ಲಿದ್ದೆ, ಹಳೆಯ ರೂಢಿ ತಾನಾಗಿ ಬಂತು.

"ಭಟ್ರ, ನಿಮ್ಮ ಸಹಿ ನಿಮಗ ವಾಪಸ್ ಕೊಡ್ತೇವಂತ ಸಲ್ಡಾನಾ ಸಾಹೇಬರು ಹೇಳ್ಯಾರ. ಮೂಗು ಬಂತಲ್ಲ, ಇನ್ನೇನ್ರಿ. ಮೂಸಿ ಒಂದು ಸಹಿ ಹಾಕಿಬಿಡ್ರಿ."

ಭಟ್ಟರು ಮುಚ್ಚಳ ಎತ್ತಿ, ಬಗ್ಗಿ, ದೀರ್ಘವಾಗಿ ಉಸಿರೆಳೆದುಕೊಂಡರು. ಮುಖ ಅರಳಿತು. ಆಮೇಲೆ ಡಬ್ಬಿಯಿಂದ ಎರಡು ಹೊಸ ಚಮಚ ತೆಗೆದರು. ಒಂದರಲ್ಲಿ ತಾವು ತಿಂದರು. ಇನ್ನೊಂದನ್ನು ತುಂಬಿ ನನ್ನ ಮುಂದೆ ಹಿಡಿದರು.

"ನೀವು ನುಂಗಿ ಶಾರದಮ್ಮ. ಆಮೇಲೆ ಸಹಿ."

ನಾನು ನುಂಗಿದೆ. ಏಲಕ್ಕಿ ಹದವಾಗಿತ್ತು, ಸಕ್ಕರೆ ಸರಿಯಾಗಿತ್ತು. ನಾನು ಚಮಚ ಕೆಳಗಿಡುವವರೆಗೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಟ್ಟ ಮೇಲೆ ಟ್ಯಾಬ್ ಈಸಿಕೊಂಡು, ಬೆರಳು ಒರೆಸಿಕೊಂಡು, ತಮ್ಮ ಸಹಿ ಎಳೆದು ನನ್ನ ಕೈಗೆ ಕೊಟ್ಟರು. ಅದರ ಕೆಳಗೆ ನಾನು ನನ್ನದನ್ನು ಹಾಕಿದೆ.